ರಾಸ್ಪ್‌ಬೆರಿ ಪೈ ಜೀರೋ

ರಾಸ್ಪ್‌ಬೆರಿ ಪೈ ಜೀರೋ ಎಂಬುದು ಬ್ರಿಟನ್ನಿನ ಕೇಂಬ್ರಿಜ್ ಮೂಲದ ರಾಸ್ಪ್‌ಬೆರಿ ಪೈ ಸಂಸ್ಥೆಯು ರೂಪಿಸಿದ, ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ನಡೆಸಬಲ್ಲ ಅತಿ ಚಿಕ್ಕ ಏಕಫಲಕ ಗಣಕಯಂತ್ರಗಳ ಸರಣಿ. ಪ್ರೊಸೆಸರ್, ಮೆಮೊರಿ, ಚಿತ್ರ ಸಂಸ್ಕರಣ ಘಟಕ ಹಾಗೂ ಹೊರಸಂಪರ್ಕದ ಕಿಂಡಿಗಳೆಲ್ಲವೂ ಒಂದೇ ಫಲಕದ ಮೇಲೆ ಅಡಕವಾಗಿರುವ ಗಣಕಯಂತ್ರವನ್ನು ಏಕಫಲಕ ಗಣಕಯಂತ್ರ ಎನ್ನುತ್ತಾರೆ. ಪೈ ಜೀರೋ ಫಲಕದ ಉದ್ದ 65 ಮಿಲಿಮೀಟರ್, ಅಗಲ 30 ಮಿಲಿಮೀಟರ್. ತೂಕ ಸುಮಾರು 9 ಗ್ರಾಂ. 2015ರ ನವೆಂಬರ್ 26ರಂದು ಇದರ ಮೊದಲ ಆವೃತ್ತಿಯನ್ನು 5 ಡಾಲರ್ ಬೆಲೆಗೆ ಬಿಡುಗಡೆ ಮಾಡಲಾಯಿತು.

ಬೆಲೆ ಮತ್ತು ಗಾತ್ರಗಳನ್ನು ಈ ಮಟ್ಟಕ್ಕೆ ಇಳಿಸುವ ಸಲುವಾಗಿ ಸಾಮಾನ್ಯ ಗಣಕಯಂತ್ರದಲ್ಲಿ ಇರುವ ಅನೇಕ ಅಂಗಗಳನ್ನು ಇದರಲ್ಲಿ ಕೈಬಿಡಲಾಗಿದೆ. ಆದ್ದರಿಂದ ಮೇಜಿನ ಮೇಲಿನ ಗಣಕಯಂತ್ರಕ್ಕೆ ಬದಲಿಯಾಗಿ ಇದನ್ನು ಕೊಂಡವರಿಗೆ ನಿರಾಶೆಯಾಗುವುದುಂಟು. ಒಂದೇ ಕೆಲಸವನ್ನು ಸದಾ ಮಾಡುತ್ತಿರುವ, ಪರದೆಯಿಲ್ಲದ ಪುಟ್ಟ ಸಾಧನವಾಗಿ ಇದು ಹೆಚ್ಚು ಯಶಸ್ವಿಯಾಗಿದೆ.

ಹಿನ್ನೆಲೆ

ಶಾಲಾ ಮಕ್ಕಳು ಅಂಜದೆ ಪ್ರಯೋಗ ಮಾಡಬಹುದಾದ ಅಗ್ಗದ ಗಣಕಯಂತ್ರವನ್ನು ಒದಗಿಸುವ ಉದ್ದೇಶದಿಂದ ಮೊದಲ ರಾಸ್ಪ್‌ಬೆರಿ ಪೈ 2012ರ ಫೆಬ್ರವರಿ 29ರಂದು ಮಾರುಕಟ್ಟೆಗೆ ಬಂದಿತು. ಅದರ ಬೆಲೆ 35 ಡಾಲರ್ ಆಗಿತ್ತು. 2013ರಲ್ಲಿ ಗೂಗಲ್‌ನ ಎರಿಕ್ ಶ್ಮಿಟ್ ಅವರನ್ನು ಭೇಟಿಯಾದಾಗ, ಮುಂದಿನ ಮಾದರಿಯನ್ನು ಹೆಚ್ಚು ಶಕ್ತಿಯುತವಾಗಿಯೂ ದುಬಾರಿಯಾಗಿಯೂ ಮಾಡುವ ಯೋಚನೆಯನ್ನು ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಎಬೆನ್ ಅಪ್ಟನ್ ಮುಂದಿಟ್ಟಿದ್ದರು. ಬೆಲೆ ಏರಿಸುವ ಬದಲು ಇಳಿಸುವುದೇ ಒಳಿತೆಂದು ಶ್ಮಿಟ್ ಸೂಚಿಸಿದರು ಎಂದೂ, ಪೈ ಜೀರೋದ ಮೂಲ ಈ ಸಲಹೆಯಲ್ಲಿದೆ ಎಂದೂ ಅಪ್ಟನ್ ನಂತರ ಹೇಳಿಕೊಂಡಿದ್ದಾರೆ.

ಪೈ ಜೀರೋ ಬಿಡುಗಡೆಯಾದಾಗ ಸಂಸ್ಥೆಯ ಮಾಸಪತ್ರಿಕೆ ‘ದಿ ಮ್ಯಾಗ್‌ಪೈ’ಯ 40ನೆಯ ಸಂಚಿಕೆಯ ಮುಖಪುಟಕ್ಕೆ ಫಲಕವನ್ನೇ ಅಂಟಿಸಿ ಉಚಿತವಾಗಿ ನೀಡಲಾಯಿತು. ಪತ್ರಿಕೆಯೊಂದರ ಮುಖಪುಟದೊಂದಿಗೆ ಪೂರ್ಣ ಗಣಕಯಂತ್ರವನ್ನು ಉಡುಗೊರೆಯಾಗಿ ಕೊಟ್ಟದ್ದು ಅದೇ ಮೊದಲು. ಆರಂಭದ ದಾಸ್ತಾನು ಕೂಡಲೇ ಖಾಲಿಯಾಯಿತು. ನಂತರ ಬಹುಕಾಲ ಒಬ್ಬ ಗ್ರಾಹಕರಿಗೆ ಒಂದೇ ಫಲಕ ಎಂಬ ನಿಯಮದಡಿ ಅಂಗಡಿಗಳು ಇದನ್ನು ಮಾರಿದವು. ಇದರಿಂದಾಗಿ ಇಡೀ ತರಗತಿಗೆ ಬೇಕಾಗುವಷ್ಟು ಫಲಕಗಳನ್ನು ಒಟ್ಟಿಗೆ ಕೊಳ್ಳಬಯಸಿದವರಿಗೆ 5 ಡಾಲರ್ ಎಂಬುದು ಕಾಗದದ ಮೇಲಿನ ಬೆಲೆಯಾಗಿಯೇ ಉಳಿಯಿತು. 2021ರ ನಂತರ ಜಗತ್ತಿನಾದ್ಯಂತ ತಲೆದೋರಿದ ಚಿಪ್ ಕೊರತೆಯ ಸಮಯದಲ್ಲಿ ಇದೇ ಸಮಸ್ಯೆ ಮರುಕಳಿಸಿತು. 2022ರ ಡಿಸೆಂಬರ್‌ನಲ್ಲಿ ಮೂಲ ಜೀರೋದ ಬೆಲೆಯನ್ನು 10 ಡಾಲರ್‌ಗೂ ಜೀರೋ ಡಬ್ಲ್ಯೂ ಬೆಲೆಯನ್ನು 15 ಡಾಲರ್‌ಗೂ ಏರಿಸಲಾಯಿತು.

ಆವೃತ್ತಿಗಳು

ಮೊದಲ ಜೀರೋದಲ್ಲಿ ಬ್ರಾಡ್‌ಕಾಮ್ ಕಂಪನಿಯ ಬಿಸಿಎಂ2835 ಚಿಪ್ ಇತ್ತು. ಇದು 2012ರ ಮೊದಲ ರಾಸ್ಪ್‌ಬೆರಿ ಪೈಯಲ್ಲಿದ್ದ ಚಿಪ್ಪೇ ಆದರೂ ವೇಗವನ್ನು 700 ಮೆಗಾಹರ್ಟ್ಸ್‌ನಿಂದ 1 ಗಿಗಾಹರ್ಟ್ಸ್‌ಗೆ ಏರಿಸಲಾಗಿತ್ತು. ಮೆಮೊರಿ 512 ಮೆಗಾಬೈಟ್. 2016ರ ಮೇ ತಿಂಗಳಲ್ಲಿ ಬಂದ ಪರಿಷ್ಕೃತ ಫಲಕದಲ್ಲಿ ಕ್ಯಾಮೆರಾ ಜೋಡಣೆಯ ಕಿಂಡಿಯನ್ನು ಸೇರಿಸಲಾಯಿತು.

ಈ ಎರಡರಲ್ಲೂ ನಿಸ್ತಂತು ಸಂಪರ್ಕ ಇರಲಿಲ್ಲ. 2017ರ ಫೆಬ್ರವರಿ 28ರಂದು 10 ಡಾಲರ್ ಬೆಲೆಗೆ ಬಿಡುಗಡೆಯಾದ ಜೀರೋ ಡಬ್ಲ್ಯೂ ಈ ಕೊರತೆಯನ್ನು ನೀಗಿಸಿ ವೈಫೈ ಮತ್ತು ಬ್ಲೂಟೂತ್‌ಗಳನ್ನು ಒದಗಿಸಿತು. ಅದರ ಆಂಟೆನಾ ಪ್ರತ್ಯೇಕ ಬಿಡಿಭಾಗವಲ್ಲ. ಸ್ವೀಡನ್ನಿನ ಪ್ರೊಆಂಟ್ ಕಂಪನಿಯ ಪರವಾನಗಿ ಪಡೆದು ಫಲಕದ ತಾಮ್ರದ ಪದರದಲ್ಲಿಯೇ ಕೊರೆದ ತ್ರಿಕೋನಾಕಾರದ ಕುಹರ ಅದು. 2018ರ ಜನವರಿಯಲ್ಲಿ ಪಿನ್‌ಗಳನ್ನು ಮೊದಲೇ ಬೆಸೆದಿದ್ದ ಜೀರೋ ಡಬ್ಲ್ಯೂಎಚ್ ಬಂದಿತು.

2021ರ ಅಕ್ಟೋಬರ್ 28ರಂದು 15 ಡಾಲರ್ ಬೆಲೆಯ ಜೀರೋ 2 ಡಬ್ಲ್ಯೂ ಬಿಡುಗಡೆಯಾಯಿತು. ಇದರಲ್ಲಿ ನಾಲ್ಕು ಕೋರ್‌ಗಳ, 64 ಬಿಟ್‌ನ ಕಾರ್ಟೆಕ್ಸ್ ಎ53 ಪ್ರೊಸೆಸರ್ ಇದೆ. ನಾಲ್ಕೂ ಕೋರ್‌ಗಳನ್ನು ಬಳಸುವ ಕೆಲಸಗಳಲ್ಲಿ ಇದು ಹಳೆಯ ಜೀರೋಗಿಂತ ಸುಮಾರು ಐದು ಪಟ್ಟು ವೇಗವಾಗಿದೆ. ಮೆಮೊರಿ ಮಾತ್ರ ಅದೇ 512 ಮೆಗಾಬೈಟ್. ಮೆಮೊರಿಯು ಪ್ರೊಸೆಸರಿನ ಜೊತೆ ಒಂದೇ ಕವಚದೊಳಗೆ ಕುಳಿತಿರುವುದರಿಂದ ಬಳಕೆದಾರರು ಅದನ್ನು ಹೆಚ್ಚಿಸಿಕೊಳ್ಳುವ ದಾರಿಯಿಲ್ಲ.

ಫಲಕದ ಬೆಲೆ ಮತ್ತು ಬಳಕೆಯ ಬೆಲೆ

ಜೀರೋ ಫಲಕದಲ್ಲಿ ಎರಡು ಮೈಕ್ರೋ ಯುಎಸ್‌ಬಿ ಕಿಂಡಿಗಳಿವೆ. ಒಂದು ವಿದ್ಯುತ್ ಪೂರೈಕೆಗೆ ಮೀಸಲು, ಇನ್ನೊಂದು ಮಾತ್ರ ದತ್ತಾಂಶ ಸಾಗಣೆಗೆ. ಪರದೆಗೆ ಮಿನಿ ಎಚ್‌ಡಿಎಂಐ ಕಿಂಡಿಯಿದೆ. ಈಥರ್ನೆಟ್ ಕಿಂಡಿ ಇಲ್ಲ, ಹೆಡ್‌ಫೋನ್ ಸಿಕ್ಕಿಸುವ ತೂತೂ ಇಲ್ಲ. ಮೂಲ ಆವೃತ್ತಿಯಲ್ಲಿ 40 ಪಿನ್‌ಗಳಿಗೆ ಬರಿಯ ರಂಧ್ರಗಳಿದ್ದು ಪಿನ್‌ಗಳನ್ನು ಬಳಕೆದಾರರೇ ಬೆಸುಗೆ ಹಾಕಿಕೊಳ್ಳಬೇಕು.

ಇದರ ಪರಿಣಾಮವೆಂದರೆ, ಕೀಲಿಮಣೆ ಮತ್ತು ಮೌಸ್ ಎರಡನ್ನೂ ಜೋಡಿಸಬೇಕಾದರೆ ಒಂದು ಓಟಿಜಿ ಅಡಾಪ್ಟರ್ ಹಾಗೂ ಒಂದು ಯುಎಸ್‌ಬಿ ಹಬ್ ಬೇಕು. ಪರದೆಗೆ ಮಿನಿ ಎಚ್‌ಡಿಎಂಐ ಕೇಬಲ್ ಬೇಕು. ಕಾರ್ಯಾಚರಣ ವ್ಯವಸ್ಥೆಯನ್ನು ಇರಿಸಲು ಮೈಕ್ರೋ ಎಸ್‌ಡಿ ಕಾರ್ಡ್, ಅದಕ್ಕೆ ಬರೆಯಲು ಇನ್ನೊಂದು ಗಣಕಯಂತ್ರ, ಜೊತೆಗೆ ಒಳ್ಳೆಯ ವಿದ್ಯುತ್ ಅಡಾಪ್ಟರ್ ಬೇಕು. ಇವೆಲ್ಲ ಮನೆಯಲ್ಲಿ ಇಲ್ಲದವರಿಗೆ ಬಿಡಿಭಾಗಗಳ ಖರ್ಚು ಫಲಕದ ಬೆಲೆಯನ್ನು ಸುಲಭವಾಗಿ ಮೀರುತ್ತದೆ. ಮೊದಲ ಗಣಕಯಂತ್ರವನ್ನು ಕೊಳ್ಳುವ ವಿದ್ಯಾರ್ಥಿಗೆ ದೊಡ್ಡ ರಾಸ್ಪ್‌ಬೆರಿ ಪೈ ಅಥವಾ ಬಳಸಿದ ಹಳೆಯ ಲ್ಯಾಪ್‌ಟಾಪ್ ಹೆಚ್ಚು ಅನುಕೂಲಕರವಾಗಬಹುದು.

ಈಗಾಗಲೇ ಗಣಕಯಂತ್ರ ಇರುವವರಿಗೆ ಒಂದು ಸುಲಭದ ಮಾರ್ಗವಿದೆ. ಜೀರೋದ ದತ್ತಾಂಶ ಕಿಂಡಿಯು ಯಜಮಾನನಾಗಿಯೂ ಅಧೀನ ಸಾಧನವಾಗಿಯೂ ವರ್ತಿಸಬಲ್ಲದು. ಅಗತ್ಯ ಸಿದ್ಧತೆ ಮಾಡಿಕೊಂಡರೆ ಒಂದೇ ಯುಎಸ್‌ಬಿ ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಅದು ಈಥರ್ನೆಟ್ ಸಾಧನದಂತೆ ಕಾಣಿಸಿಕೊಳ್ಳುತ್ತದೆ. ವಿದ್ಯುತ್ತೂ ಅದೇ ಕೇಬಲ್‌ನಲ್ಲಿ ಹರಿಯುತ್ತದೆ. ಆಗ ಬೇರೆ ಪರದೆ, ಕೀಲಿಮಣೆಗಳ ಅಗತ್ಯವೇ ಬೀಳುವುದಿಲ್ಲ.

ಮೆಮೊರಿ ಮತ್ತು ತಂತ್ರಾಂಶದ ಮಿತಿಗಳು

512 ಮೆಗಾಬೈಟ್ ಮೆಮೊರಿಯಲ್ಲಿ ಒಂದು ಪಾಲನ್ನು ಚಿತ್ರ ಸಂಸ್ಕರಣ ಘಟಕ ತೆಗೆದುಕೊಳ್ಳುತ್ತದೆ. ಉಳಿದುದರಲ್ಲಿ ಡೆಸ್ಕ್‌ಟಾಪ್ ಪರಿಸರ ಹೇಗೋ ನಡೆಯುತ್ತದೆ. ಆಧುನಿಕ ಜಾಲತಾಣಗಳನ್ನು ತೆರೆಯುವ ಬ್ರೌಸರ್ ನಡೆಯುವುದು ಕಷ್ಟ. ಮೆಮೊರಿ ಸಾಲದಾದಾಗ ವ್ಯವಸ್ಥೆಯು ಎಸ್‌ಡಿ ಕಾರ್ಡಿನ ಒಂದು ಭಾಗವನ್ನು ಮೆಮೊರಿಯಂತೆ ಬಳಸಲು ತೊಡಗುತ್ತದೆ. ಆಗ ಎಲ್ಲವೂ ತೆವಳುವುದಲ್ಲದೆ ಕಾರ್ಡಿನ ಸವೆತವೂ ಹೆಚ್ಚುತ್ತದೆ. ಡೆಸ್ಕ್‌ಟಾಪ್ ಇಲ್ಲದ ‘ಲೈಟ್’ ಆವೃತ್ತಿಯನ್ನು ಅಳವಡಿಸಿ, ದೂರದಿಂದ ಆದೇಶ ಸಾಲಿನ ಮೂಲಕ ಕೆಲಸ ಮಾಡುವುದು ರೂಢಿ.

ಮೂಲ ಜೀರೋ ಮತ್ತು ಜೀರೋ ಡಬ್ಲ್ಯೂಗಳಿಗೆ ಇದಕ್ಕಿಂತ ಗಂಭೀರವಾದ ಇನ್ನೊಂದು ತೊಡಕಿದೆ. ಅವುಗಳ ಪ್ರೊಸೆಸರ್ ಆರ್ಮ್‌ವಿ6 ಎಂಬ ಹಳೆಯ ಆದೇಶಗಣವನ್ನು ಮಾತ್ರ ಬಲ್ಲದು. ಡೆಬಿಯನ್ ಲಿನಕ್ಸಿನ ಸಾಮಾನ್ಯ 32 ಬಿಟ್ ಆರ್ಮ್ ಆವೃತ್ತಿಗೆ ಕನಿಷ್ಠ ಆರ್ಮ್‌ವಿ7 ಬೇಕು. ಈ ಕಾರಣದಿಂದಲೇ 2012ರಲ್ಲಿ ಸ್ವಯಂಸೇವಕರು ಡೆಬಿಯನ್ನಿನ ಸಾವಿರಾರು ತಂತ್ರಾಂಶ ಕಟ್ಟುಗಳನ್ನು ಆರ್ಮ್‌ವಿ6ಕ್ಕಾಗಿ ಮರುಸಂಕಲನ ಮಾಡಿ ‘ರಾಸ್ಪಿಯನ್’ ಎಂಬ ವಿತರಣೆಯನ್ನು ಸಿದ್ಧಪಡಿಸಬೇಕಾಯಿತು. ರಾಸ್ಪ್‌ಬೆರಿ ಪೈ ಓಎಸ್‌ನ 32 ಬಿಟ್ ಆವೃತ್ತಿ ಇಂದಿಗೂ ಈ ಕೆಲಸವನ್ನೇ ಆಧರಿಸಿದೆ. ಅದರ ಹೊರಗೆ ಆಧಾರ ಸಡಿಲವಾಗುತ್ತಾ ಬಂದಿದೆ. ನೋಡ್ ಜೆಎಸ್ 12ನೆಯ ಆವೃತ್ತಿಯಿಂದ ಆರ್ಮ್‌ವಿ6ಕ್ಕೆ ಅಧಿಕೃತ ಕಡತಗಳನ್ನು ನೀಡುವುದನ್ನು ನಿಲ್ಲಿಸಿತು. ಕ್ರೋಮಿಯಂ ಬ್ರೌಸರಿಗೆ ನಿಯಾನ್ ಎಂಬ ಆದೇಶ ವಿಸ್ತರಣೆ ಅನಿವಾರ್ಯವಾದ ಮೇಲೆ ಈ ಫಲಕಗಳಲ್ಲಿ ಅದು ತೆರೆದುಕೊಳ್ಳುವುದೇ ಇಲ್ಲ. ಅಂತರ್ಜಾಲದಲ್ಲಿ ದೊರೆಯುವ ‘ರಾಸ್ಪ್‌ಬೆರಿ ಪೈಗಾಗಿ’ ಎಂಬ ಸಿದ್ಧ ಕಡತವನ್ನು ಇಳಿಸಿಕೊಂಡಾಗ ಅದು ಯಾವ ವಿವರಣೆಯೂ ಇಲ್ಲದೆ ‘ಅಕ್ರಮ ಆದೇಶ’ ಎಂಬ ದೋಷ ತೋರಿಸಿ ನಿಂತುಹೋದರೆ, ಕಾರಣ ಬಹುತೇಕ ಇದೇ ಆಗಿರುತ್ತದೆ. ಜೀರೋ 2 ಡಬ್ಲ್ಯೂಗೆ ಈ ತೊಂದರೆಯಿಲ್ಲ. ಅದು 64 ಬಿಟ್ ವ್ಯವಸ್ಥೆಯನ್ನೂ ನಡೆಸಬಲ್ಲದು.

ಎಸ್‌ಡಿ ಕಾರ್ಡ್ ಮತ್ತು ಹಠಾತ್ ವಿದ್ಯುತ್ ಕಡಿತ

ಜೀರೋ ಫಲಕಗಳಲ್ಲಿ ಸ್ವಂತ ಸಂಗ್ರಹಣೆ ಇಲ್ಲ. ಕಾರ್ಯಾಚರಣ ವ್ಯವಸ್ಥೆ, ತಂತ್ರಾಂಶ, ಬಳಕೆದಾರರ ಕಡತ ಎಲ್ಲವೂ ಮೈಕ್ರೋ ಎಸ್‌ಡಿ ಕಾರ್ಡಿನಲ್ಲಿರುತ್ತವೆ. ಈ ಕಾರ್ಡುಗಳು ಮುಖ್ಯವಾಗಿ ಕ್ಯಾಮೆರಾ ಮತ್ತು ಮೊಬೈಲ್‌ಗಳಿಗಾಗಿ, ದೊಡ್ಡ ಕಡತಗಳನ್ನು ಒಮ್ಮೆ ಬರೆದು ಹಲವು ಸಲ ಓದುವ ಬಳಕೆಗಾಗಿ ಹುಟ್ಟಿದವು. ಲಿನಕ್ಸ್ ವ್ಯವಸ್ಥೆಯಾದರೋ ದಿನಚರಿ ಕಡತಗಳಿಗೆ ಸಣ್ಣಸಣ್ಣ ಸಾಲುಗಳನ್ನು ಸತತವಾಗಿ ಬರೆಯುತ್ತಿರುತ್ತದೆ.

ಫ್ಲ್ಯಾಶ್ ಮೆಮೊರಿಯಲ್ಲಿ ಬರೆಯುವುದು ಪುಟಗಳ ಲೆಕ್ಕದಲ್ಲಿ, ಅಳಿಸುವುದು ಅನೇಕ ಪುಟಗಳುಳ್ಳ ದೊಡ್ಡ ಖಂಡಗಳ ಲೆಕ್ಕದಲ್ಲಿ. ಒಂದು ಸಣ್ಣ ಬದಲಾವಣೆಗೂ ಕಾರ್ಡಿನೊಳಗಿನ ನಿಯಂತ್ರಕವು ಹಳೆಯ ಖಂಡದ ದತ್ತಾಂಶವನ್ನು ಬೇರೆಡೆಗೆ ಸಾಗಿಸಿ, ಯಾವುದು ಎಲ್ಲಿದೆ ಎಂಬ ತನ್ನ ಒಳಪಟ್ಟಿಯನ್ನು ತಿದ್ದಬೇಕಾಗಬಹುದು. ಅದೇ ಹೊತ್ತಿನಲ್ಲಿ ವಿದ್ಯುತ್ ಹೋದರೆ, ಬರೆಯುತ್ತಿದ್ದ ಕಡತ ಮಾತ್ರವಲ್ಲದೆ ಅದಕ್ಕೆ ಸಂಬಂಧವೇ ಇಲ್ಲದ ಕಡತಗಳೂ ಹಾಳಾಗಬಹುದು. ಲಿನಕ್ಸಿನ ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿರುವ ದಾಖಲೆ ಪುಸ್ತಕದ ರಕ್ಷಣೆ ಕಾರ್ಡಿನ ಒಳಗೆ ನಡೆಯುವ ಈ ಅವಾಂತರವನ್ನು ತಲುಪದು. ಫಲಕಕ್ಕೆ ಸ್ವಿಚ್ ಕೂಡ ಇಲ್ಲ. ಆದ್ದರಿಂದ ವ್ಯವಸ್ಥೆಯನ್ನು ಕ್ರಮವಾಗಿ ಮುಚ್ಚದೆ ಪ್ಲಗ್ ಎಳೆಯುವ ಅಭ್ಯಾಸ ಸಾಮಾನ್ಯವಾಗಿದೆ, ಮತ್ತು ಕಾರ್ಡುಗಳು ಕೆಡುವುದಕ್ಕೆ ಅದು ಬಹುಮುಖ್ಯ ಕಾರಣ. ಕರೆಂಟ್ ಆಗಾಗ ಹೋಗುವ ಊರುಗಳಲ್ಲಿ ಹೊಲದ ಸಂವೇದಕ, ಮನೆಯ ಕ್ಯಾಮೆರಾ ಮುಂತಾದವುಗಳಿಗೆ ಜೀರೋ ಬಳಸುವವರು ಈ ಅಂಶವನ್ನು ಆರಂಭದಲ್ಲೇ ಗಮನಿಸಬೇಕಾಗುತ್ತದೆ.

ರಾಸ್ಪ್‌ಬೆರಿ ಪೈ ಓಎಸ್‌ನ ಸಂರಚನಾ ಉಪಕರಣದಲ್ಲಿ ಕಾರ್ಡನ್ನು ಓದಲು ಮಾತ್ರ ತೆರೆದಿಟ್ಟು, ಬರಹಗಳನ್ನೆಲ್ಲ ಮೆಮೊರಿಯಲ್ಲಿ ಹಿಡಿದಿಡುವ ಸೌಲಭ್ಯವಿದೆ. ವಿದ್ಯುತ್ ಹೋದಾಗ ಮೆಮೊರಿಯಲ್ಲಿದ್ದುದು ಅಳಿಸಿಹೋದರೂ ವ್ಯವಸ್ಥೆ ಮರಳಿ ಏಳುತ್ತದೆ. ದತ್ತಾಂಶ ಉಳಿಯಲೇಬೇಕಾದಲ್ಲಿ ಅದನ್ನು ಜಾಲದ ಮೂಲಕ ಬೇರೆಡೆಗೆ ಕಳುಹಿಸುವುದು, ಇಲ್ಲವೇ ಚಿಕ್ಕ ಬ್ಯಾಟರಿಯ ಆಸರೆ ಕೊಡುವುದು ಉಳಿದ ಉಪಾಯಗಳು. ಕಾರ್ಡಿನ ಪೂರ್ಣ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳುವುದು ಎಲ್ಲ ಸಂದರ್ಭಗಳಲ್ಲಿಯೂ ಒಳ್ಳೆಯದು.

ವಿದ್ಯುತ್ ಪೂರೈಕೆ

ಸಂಸ್ಥೆಯ ದಾಖಲೆಗಳ ಪ್ರಕಾರ ಬರಿಯ ಫಲಕವು ಕೆಲಸದಲ್ಲಿದ್ದಾಗ ಬಳಸುವ ವಿದ್ಯುತ್ ಪ್ರವಾಹ ಮೂಲ ಜೀರೋದಲ್ಲಿ ಸುಮಾರು 100 ಮಿಲಿಆಂಪಿಯರ್, ಜೀರೋ ಡಬ್ಲ್ಯೂನಲ್ಲಿ 150, ಜೀರೋ 2 ಡಬ್ಲ್ಯೂನಲ್ಲಿ 350. ಯುಎಸ್‌ಬಿ ಸಾಧನ, ಕ್ಯಾಮೆರಾ ಸೇರಿದಂತೆ ಇದು ಏರುತ್ತದೆ. ಗಣಕಯಂತ್ರವೊಂದಕ್ಕೆ ಇದು ಅತ್ಯಲ್ಪವೇ ಸರಿ. ಬ್ಯಾಟರಿಯ ದೃಷ್ಟಿಯಿಂದ ಅಲ್ಪವಲ್ಲ. ಜೀರೋ ಡಬ್ಲ್ಯೂ 5 ವೋಲ್ಟ್‌ನಲ್ಲಿ 150 ಮಿಲಿಆಂಪಿಯರ್ ಎಳೆದರೆ 0.75 ವಾಟ್, ಅಂದರೆ ದಿನಕ್ಕೆ 18 ವಾಟ್‌ಗಂಟೆ. 10,000 ಮಿಲಿಆಂಪಿಯರ್‌ಗಂಟೆಯ ಪವರ್‌ಬ್ಯಾಂಕಿನಲ್ಲಿ ಸುಮಾರು 37 ವಾಟ್‌ಗಂಟೆ ಶಕ್ತಿಯಿರುತ್ತದೆ. ಪರಿವರ್ತನೆಯ ನಷ್ಟ ಕಳೆದರೆ ಎರಡು ದಿನ ತುಂಬುವ ಮೊದಲೇ ಅದು ಬರಿದಾಗುತ್ತದೆ. ಮೊಬೈಲ್ ಫೋನಿನಂತೆ ನಿದ್ರಾವಸ್ಥೆಗೆ ಜಾರುವ ಏರ್ಪಾಡು ಈ ಫಲಕಗಳಲ್ಲಿ ಇಲ್ಲದಿರುವುದರಿಂದ ಈ ಲೆಕ್ಕವನ್ನು ಹೆಚ್ಚು ಸುಧಾರಿಸಲಾಗದು. ಗಂಟೆಗೊಮ್ಮೆ ಎಚ್ಚೆತ್ತು ಉಷ್ಣತೆ ಅಳೆದು ಮತ್ತೆ ಮಲಗುವ ಕೆಲಸಕ್ಕೆ ಇಎಸ್‌ಪಿ32ರಂತಹ ಮೈಕ್ರೋಕಂಟ್ರೋಲರ್‌ಗಳೇ ಸೂಕ್ತ.

ಕೇಬಲಿನ ಗುಣಮಟ್ಟವನ್ನು ಹಲವರು ಕಡೆಗಣಿಸುತ್ತಾರೆ. ತೆಳು ತಂತಿಯ ಒಟ್ಟು ರೋಧ ಅರ್ಧ ಓಮ್ ಇದ್ದು 1 ಆಂಪಿಯರ್ ಹರಿದರೆ, ಅರ್ಧ ವೋಲ್ಟ್ ತಂತಿಯಲ್ಲೇ ಕಳೆದು ಫಲಕವನ್ನು ತಲುಪುವುದು 4.5 ವೋಲ್ಟ್ ಮಾತ್ರ. ದೊಡ್ಡ ರಾಸ್ಪ್‌ಬೆರಿ ಪೈ ಫಲಕಗಳಲ್ಲಿ ವೋಲ್ಟೇಜ್ ಸುಮಾರು 4.63ಕ್ಕಿಂತ ಕುಸಿದಾಗ ಎಚ್ಚರಿಸುವ ಮಂಡಲವಿದೆ. ಜೀರೋ ಸರಣಿಯಲ್ಲಿ ಅದಿಲ್ಲ. ಆದ್ದರಿಂದ ವೈಫೈ ಕಡಿದುಹೋಗುವುದು, ತಾನಾಗಿ ಮರುಚಾಲನೆಯಾಗುವುದು, ಕಾರ್ಡ್ ಕೆಡುವುದು ಮೊದಲಾದ ಲಕ್ಷಣಗಳನ್ನು ನೋಡಿ ತಂತ್ರಾಂಶದ ದೋಷವೆಂದು ಭ್ರಮಿಸುವವರೇ ಹೆಚ್ಚು. ಕೇಬಲ್ ಬದಲಿಸಿ ನೋಡುವುದು ಅಗ್ಗದ ಮೊದಲ ಪರೀಕ್ಷೆ.

ಗಡಿಯಾರ ಮತ್ತು ಪಿನ್‌ಗಳು

ಬ್ಯಾಟರಿಯಿಂದ ನಡೆಯುವ ಗಡಿಯಾರ ಫಲಕದಲ್ಲಿಲ್ಲ. ಪ್ರತಿ ಬಾರಿ ಚಾಲನೆಯಾದಾಗಲೂ ಅದು ಅಂತರ್ಜಾಲದಿಂದ ಸಮಯವನ್ನು ಪಡೆಯುತ್ತದೆ. ಸಂಪರ್ಕವಿಲ್ಲದ ಕಡೆ, ಹಿಂದಿನ ಬಾರಿ ಉಳಿಸಿಟ್ಟ ಸಮಯದಿಂದಲೇ ಮುಂದುವರಿಯುತ್ತದೆ. ಮಳೆಮಾಪನದಂತಹ ದಾಖಲೆಗಳಲ್ಲಿ ಇದರಿಂದ ಸಮಯಮುದ್ರೆಗಳು ತಪ್ಪಾಗಿ, ದತ್ತಾಂಶ ನಿರುಪಯುಕ್ತವಾಗುವ ಅಪಾಯವಿದೆ. ಡಿಎಸ್3231 ಮಾದರಿಯ ಗಡಿಯಾರ ಘಟಕವನ್ನು ಪಿನ್‌ಗಳಿಗೆ ಜೋಡಿಸುವುದು ಪರಿಹಾರ.

ಪಿನ್‌ಗಳು 3.3 ವೋಲ್ಟ್ ಸಂಕೇತಗಳಿಗಾಗಿ ರೂಪುಗೊಂಡಿವೆ. ವಿದ್ಯಾರ್ಥಿಗಳ ಯೋಜನೆಗಳಲ್ಲಿ ಹೆಚ್ಚಾಗಿ ಕಾಣುವ ಎಚ್‌ಸಿ-ಎಸ್‌ಆರ್04 ಶ್ರವಣಾತೀತ ಸಂವೇದಕ 5 ವೋಲ್ಟ್ ಸಂಕೇತವನ್ನು ಹಿಂದಿರುಗಿಸುತ್ತದೆ. ಎರಡು ರೋಧಕಗಳಿಂದ ಅದನ್ನು ತಗ್ಗಿಸದೆ ನೇರವಾಗಿ ಜೋಡಿಸಿದರೆ ಪ್ರೊಸೆಸರ್ ಶಾಶ್ವತವಾಗಿ ಹಾಳಾಗಬಹುದು. ಅನಲಾಗ್ ಸಂಕೇತವನ್ನು ಓದುವ ಪಿನ್ ಒಂದೂ ಇಲ್ಲ. ಮಣ್ಣಿನ ತೇವಾಂಶದ ಅನಲಾಗ್ ಸಂವೇದಕಕ್ಕೆ ಎಂಸಿಪಿ3008ರಂತಹ ಪರಿವರ್ತಕ ಚಿಪ್ ಬೇಕಾಗುತ್ತದೆ.

ಲಿನಕ್ಸ್ ಅನೇಕ ಕೆಲಸಗಳನ್ನು ಸರದಿಯಲ್ಲಿ ನಡೆಸುವ ವ್ಯವಸ್ಥೆಯಾದ್ದರಿಂದ, ಪಿನ್ನೊಂದನ್ನು ನಿಖರವಾಗಿ ಇಂತಿಷ್ಟೇ ಮೈಕ್ರೋಸೆಕೆಂಡಿಗೆ ಏರಿಳಿಸುವ ಭರವಸೆ ಕೊಡಲಾರದು. ಇದರ ಪರಿಣಾಮ ಒಂದೇ ಕೋರ್ ಇರುವ ಹಳೆಯ ಜೀರೋಗಳಲ್ಲಿ ಎದ್ದು ಕಾಣುತ್ತದೆ. ಮೂರು ಆಯಾಮದ ಮುದ್ರಣಯಂತ್ರಗಳನ್ನು ನಿಯಂತ್ರಿಸುವ ಆಕ್ಟೋಪ್ರಿಂಟ್ ತಂತ್ರಾಂಶದ ನಿರ್ಮಾಪಕರು ಜೀರೋ ಡಬ್ಲ್ಯೂ ಬಳಸದಂತೆ ಸಲಹೆ ನೀಡಿರುವುದು ಇದಕ್ಕೊಂದು ಉದಾಹರಣೆ: ಪ್ರೊಸೆಸರ್ ಬೇರೆ ಕೆಲಸದಲ್ಲಿ ತೊಡಗಿದಾಗ ಮುದ್ರಣಯಂತ್ರಕ್ಕೆ ಆದೇಶಗಳು ತಡವಾಗಿ ತಲುಪಿ ಮುದ್ರಣ ಕೆಡುತ್ತದೆ.

ಜಾಲ ಸಂಪರ್ಕ ಮತ್ತು ಸುರಕ್ಷತೆ

ವೈಫೈ ಇರುವ ಆವೃತ್ತಿಗಳು 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ. 5 ಗಿಗಾಹರ್ಟ್ಸ್ ಜಾಲಗಳು ಇವುಗಳ ಕಣ್ಣಿಗೆ ಬೀಳುವುದಿಲ್ಲ. ಲೋಹದ ಪೆಟ್ಟಿಗೆಯಲ್ಲಿಟ್ಟರೆ ಸಂಪರ್ಕ ಕ್ಷೀಣಿಸುತ್ತದೆ. ರಾಸ್ಪ್‌ಬೆರಿ ಪೈ ಓಎಸ್ 2022ರ ಏಪ್ರಿಲ್‌ವರೆಗೆ ಎಲ್ಲರಿಗೂ ಗೊತ್ತಿರುವ ಒಂದೇ ಬಳಕೆದಾರ ಹೆಸರು ಮತ್ತು ಗುಪ್ತಪದದೊಂದಿಗೆ ಬರುತ್ತಿತ್ತು. ಆ ಕಾಲದಲ್ಲಿ ಅಳವಡಿಸಿ, ಮೂಲೆಯಲ್ಲಿಟ್ಟು ಮರೆತ ಫಲಕಗಳಲ್ಲಿ ಗುಪ್ತಪದವನ್ನು ಬದಲಿಸುವುದು ಅಗತ್ಯ.

ಕನ್ನಡದ ಬಳಕೆ

ರಾಸ್ಪ್‌ಬೆರಿ ಪೈ ಓಎಸ್ ಡೆಬಿಯನ್ ಮೂಲದ್ದಾದ್ದರಿಂದ ಡೆಬಿಯನ್ನಿನ ಕನ್ನಡ ಸೌಲಭ್ಯಗಳೆಲ್ಲ ಜೀರೋದಲ್ಲಿಯೂ ದೊರೆಯುತ್ತವೆ. ಲೋಹಿತ್, ಗುಬ್ಬಿ ಮತ್ತು ನವಿಲು ಎಂಬ ಮುಕ್ತ ಅಕ್ಷರಶೈಲಿಗಳು ಒಂದೇ ಕಟ್ಟಿನಲ್ಲಿ ಲಭ್ಯವಿವೆ. ಐಬಸ್ ಮತ್ತು ಎಂ17ಎನ್ ಮೂಲಕ ಕೆಜಿಪಿ ಹಾಗೂ ಇನ್‌ಸ್ಕ್ರಿಪ್ಟ್ ವಿನ್ಯಾಸಗಳಲ್ಲಿ ಬೆರಳಚ್ಚಿಸಬಹುದು.

ಆದರೆ ಡೆಸ್ಕ್‌ಟಾಪ್ ಇಲ್ಲದೆ, ಫಲಕಕ್ಕೆ ನೇರವಾಗಿ ಪರದೆ ಜೋಡಿಸಿ ಆದೇಶ ಸಾಲಿನಲ್ಲಿ ಕೆಲಸ ಮಾಡುವಾಗ ಕನ್ನಡ ಸರಿಯಾಗಿ ಮೂಡದು. ಲಿನಕ್ಸಿನ ಮೂಲ ಕನ್ಸೋಲ್ ಏಕಕಾಲಕ್ಕೆ 512 ಅಕ್ಷರರೂಪಗಳನ್ನಷ್ಟೇ ಇಟ್ಟುಕೊಳ್ಳಬಲ್ಲದು. ಗುಣಿತಾಕ್ಷರ, ಒತ್ತಕ್ಷರಗಳನ್ನು ಜೋಡಿಸುವ ಸಾಮರ್ಥ್ಯವೂ ಅದಕ್ಕಿಲ್ಲ. ಮೆಮೊರಿಯ ಮಿತಿಯಿಂದಾಗಿ ಡೆಸ್ಕ್‌ಟಾಪ್ ತ್ಯಜಿಸಬೇಕಾದ ಫಲಕದಲ್ಲಿ ಕನ್ನಡ ಓದಲು ಡೆಸ್ಕ್‌ಟಾಪೇ ಬೇಕಾಗುವುದು ಒಂದು ವಿಪರ್ಯಾಸ. ಬೇರೊಂದು ಗಣಕಯಂತ್ರದಿಂದ ಜಾಲದ ಮೂಲಕ ಸಂಪರ್ಕಿಸಿದಾಗ ಅಕ್ಷರ ಜೋಡಣೆಯ ಹೊಣೆ ಆ ಗಣಕಯಂತ್ರದ್ದಾಗುವುದರಿಂದ ತೊಂದರೆ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಇಸ್ಪೀಕ್ ಎನ್‌ಜಿ ತಂತ್ರಾಂಶವು ಕನ್ನಡ ಪಠ್ಯವನ್ನು ಓದಿ ಹೇಳಬಲ್ಲದು. ಧ್ವನಿ ಯಾಂತ್ರಿಕವಾಗಿದ್ದರೂ ಹಳೆಯ ಜೀರೋಗೂ ಅದು ಹೊರೆಯಾಗದು; ಹೆಡ್‌ಫೋನ್ ಕಿಂಡಿ ಇಲ್ಲದಿರುವುದರಿಂದ ಧ್ವನಿಗಾಗಿ ಪ್ರತ್ಯೇಕ ಘಟಕವನ್ನು ಜೋಡಿಸಬೇಕಾಗಬಹುದು.

ಉಪಯೋಗಗಳು

ಮನೆಯ ಜಾಲದಲ್ಲಿ ಜಾಹೀರಾತುಗಳನ್ನು ತಡೆಯುವ ಪೈ-ಹೋಲ್, ಪಕ್ಷಿಗೂಡಿನ ಕ್ಯಾಮೆರಾ, ಹವಾಮಾನ ದಾಖಲೆ, ಕೈಯಲ್ಲಿ ಹಿಡಿದಾಡುವ ಹಳೆಯ ವಿಡಿಯೋ ಆಟಗಳ ಸಾಧನ ಇವು ಸಾಮಾನ್ಯ ಬಳಕೆಗಳು. ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನಿರ್ಮಿಸಿದ ಗ್ಯಾಸ್‌ಪ್ಯಾಕ್ಸ್ ಎಂಬ ಪುಟ್ಟ ಉಪಗ್ರಹದ ಮುಖ್ಯ ಗಣಕಯಂತ್ರವೂ ಪೈ ಜೀರೋ ಆಗಿತ್ತು. 2022ರ ಜನವರಿ 26ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಬಿಡಲಾದ ಈ ಉಪಗ್ರಹ 117 ದಿನ ಕಾರ್ಯನಿರ್ವಹಿಸಿತು.

ಇತರ ಫಲಕಗಳು

ಜೀರೋಗಿಂತ ಕೆಲವು ತಿಂಗಳು ಮೊದಲೇ, 2015ರ ಮೇ ತಿಂಗಳಲ್ಲಿ, ಅಮೆರಿಕದ ನೆಕ್ಸ್ಟ್ ಥಿಂಗ್ ಕಂಪನಿ 9 ಡಾಲರ್ ಬೆಲೆಯ ‘ಚಿಪ್’ ಎಂಬ ಫಲಕಕ್ಕಾಗಿ ಸಾರ್ವಜನಿಕರಿಂದ ಹಣ ಸಂಗ್ರಹಿಸಿತ್ತು. ಅದರಲ್ಲಿ ವೈಫೈ ಮತ್ತು ಸ್ವಂತ ಸಂಗ್ರಹಣೆ ಎರಡೂ ಇದ್ದವು. ತಾಂತ್ರಿಕವಾಗಿ ಅದು ಮೊದಲ ಜೀರೋಗಿಂತ ಅನುಕೂಲಕರವಾಗಿದ್ದರೂ 2018ರಲ್ಲಿ ಕಂಪನಿ ಮುಚ್ಚಿದ್ದರಿಂದ ಬಳಕೆದಾರರು ಅಧಿಕೃತ ಆಧಾರವಿಲ್ಲದೆ ಉಳಿದರು. ಆಲ್‌ವಿನ್ನರ್ ಚಿಪ್ ಬಳಸುವ ಆರೆಂಜ್ ಪೈ ಜೀರೋ 2016ರಲ್ಲಿ ಬಂದಿತು. ಅದರಲ್ಲಿ ಈಥರ್ನೆಟ್ ಕಿಂಡಿ ಇದೆ. ಇಂತಹ ಫಲಕಗಳನ್ನು ಬಳಸುವವರು ಹೆಚ್ಚಾಗಿ ಸ್ವಯಂಸೇವಕರು ನಡೆಸುವ ಆರ್ಮ್ಬಿಯನ್ ವಿತರಣೆಯನ್ನು ಅವಲಂಬಿಸುತ್ತಾರೆ.

2021ರ ಜನವರಿಯಲ್ಲಿ ಬಿಡುಗಡೆಯಾದ 4 ಡಾಲರ್ ಬೆಲೆಯ ರಾಸ್ಪ್‌ಬೆರಿ ಪೈ ಪಿಕೋ ಹೆಸರಿನಲ್ಲಿ ಹತ್ತಿರವಾದರೂ ಬೇರೆ ಜಾತಿಯ ಸಾಧನ. ಅದು ಲಿನಕ್ಸ್ ನಡೆಸದ ಮೈಕ್ರೋಕಂಟ್ರೋಲರ್ ಫಲಕ. ಎಸ್‌ಡಿ ಕಾರ್ಡಿನ ಅಗತ್ಯ ಅದಕ್ಕಿಲ್ಲ, ಅನಲಾಗ್ ಪಿನ್‌ಗಳಿವೆ, ಪ್ಲಗ್ ಎಳೆದ ಮಾತ್ರಕ್ಕೆ ಅದರಲ್ಲಿನ ಪ್ರೋಗ್ರಾಂ ಕೆಡುವುದಿಲ್ಲ. ಸಂವೇದಕ ಓದಿ ದೀಪ ಬೆಳಗಿಸುವಷ್ಟೇ ಕೆಲಸವಿದ್ದಲ್ಲಿ ಜೀರೋ ಬದಲು ಪಿಕೋ ಬಳಸುವುದು ಈಗ ವಾಡಿಕೆಯಾಗಿದೆ.